ಬಾಷಾಬಿಯ ಶಾವಿಗೆ ಮಾಳಿಗೆ

ನಮ್ಮ ಕಡೆ ಯಾರಾದರೂ ಎದುರಾದರೆ ಮೊದಲು ಕೇಳುವ ಮಾತು, "ಆರಾಮ ಅದೀರಿ?" ಉತ್ತರವೂ ಎಲ್ಲರಿಗೂ ಗೊತ್ತಿರುವುದೇ, "ಆರಾಮ್ರಿ." ಮನೆಯಲ್ಲಿ ಎಮ್ಮೆ ಸತ್ತಿರಲಿ, ಮಗ ಜಗಳವಾಡಿ ಮಾತು ಬಿಟ್ಟಿರಲಿ, ಮೊದಲ ಉತ್ತರ ಆರಾಮವೇ. ಅದು ಸುಳ್ಳಲ್ಲ, ಮರ್ಯಾದೆ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಹೊಟ್ಟೆಗೆ ಏನಾದರೂ ಹಾಕಿ, ಆಮೇಲೆ ಎರಡನೇ ಸಲ ಕೇಳಬೇಕು. "ಹ್ಞೂಂ, ಈಗ ಹೇಳ್ರಿ ಮತ್ತ." ನಿಜ ಹೊರಗೆ ಬರುವುದು ಆಗ.

ನಮ್ಮ ಎದುರು ಮನೆಯ ಬಾಷಾಬಿ ಚಾಚಿ ಈ ರಿವಾಜಿನಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. "ಎರಡನೇ ಸಲ ಕೇಳ್ದವ್ರಿಗೆ ಸುಳ್ಳು ಹೇಳಬಾರ್ದು ಪ್ರಭು. ಮೊದಲ್ನೇ ಸಲ ಕೇಳ್ದವ್ರಿಗೆ ಖರೇ ಹೇಳಬಾರ್ದು," ಎನ್ನುತ್ತಿದ್ದಳು. ಹಿರಿಯಳನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಸಿಟ್ಟಾಗಬೇಡಿ. ನಮ್ಮವ್ವನ ಬಗ್ಗೆಯೂ ನಾನು ಹಾಗೇ ಮಾತಾಡುವುದು.

ನಾನು ಪ್ರಭುರಾಜ. ಗಿಣಿಗೇರಾದಲ್ಲಿ ನಮ್ಮಪ್ಪ ಕೊಟ್ರಪ್ಪ ಹಾಕಿದ ಹಿಟ್ಟಿನ ಗಿರಣಿ ನಡೆಸುತ್ತೇನೆ. ಕೊಪ್ಪಳದಲ್ಲಿ ಬಿ.ಎ. ಓದಿದ್ದೂ ಉಂಟು, ಅದರಿಂದ ಜೋಳದ ಹಿಟ್ಟು ನುಣ್ಣಗೇನೂ ಬಂದಿಲ್ಲ. ಬಾಷಾಬಿ ನಮ್ಮ ಗಿರಣಿಯ ಹಳೆಯ ಗಿರಾಕಿ. ಗಂಡ ಮೆಹಬೂಬಸಾಬ ಲಾರಿ ಮೇಲೆ ಹೋದವನು ಹೆಣವಾಗಿ ಬಂದಾಗ ಮಗ ಅಸ್ಲಮ ಇನ್ನೂ ಶಾಲೆಗೆ ಹೋಗುತ್ತಿದ್ದ. ಆಕೆ ಅತ್ತದ್ದನ್ನು ಯಾರೂ ಹೆಚ್ಚು ದಿನ ನೋಡಲಿಲ್ಲ. ತವರಿನಿಂದ ಶಾವಿಗೆ ಒತ್ತುವ ಯಂತ್ರ ತಂದಳು, ಮಾಳಿಗೆಯ ಮೇಲೆ ಬಿದಿರಿನ ಗಳಗಳನ್ನು ಅಡ್ಡ ಕಟ್ಟಿದಳು, ಜವೆಗೋಧಿ ಹೊತ್ತುಕೊಂಡು ನಮ್ಮ ಗಿರಣಿಗೆ ಬಂದಳು.

ಆ ಶಾವಿಗೆಯ ರುಚಿ ಉಂಡವರಿಗೇ ಗೊತ್ತು. ರಂಜಾನ್ ಹತ್ತಿರ ಬಂದರೆ ಗಂಗಾವತಿಯ ಮುಸಲ್ಮಾನರ ಮನೆಗಳಿಂದ ಹೇಳಿ ಕಳಿಸುತ್ತಿದ್ದರು. ಯುಗಾದಿ ಮುಂದಿದ್ದರೆ ಲಿಂಗಾಯತರ ಓಣಿಯ ಹೆಂಗಸರು ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಹೆಣ್ಣು ಕೊಟ್ಟವರು ಬೀಗರ ಮನೆಗೆ ಬಾಷಾಬಿಯ ಶಾವಿಗೆ ಕಳಿಸಿದರೆ ಬೀಗಿತ್ತಿ ಕೊಂಕು ತೆಗೆಯುವಂತಿರಲಿಲ್ಲ. ಬೇಸಿಗೆಯಲ್ಲಿ ನಾನು ಗಿರಣಿ ಬಾಗಿಲಲ್ಲಿ ನಿಂತು ಮೇಲೆ ನೋಡಿದರೆ ಇಡೀ ಮಾಳಿಗೆ ತುಂಬ ಬೆಳ್ಳಗೆ ಎಳೆಗಳು ತೂಗಾಡುತ್ತಿದ್ದವು. ಚಾಚಿ ಅವುಗಳ ನಡುವೆ ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು.

ಆಮೇಲೆ ಊರ ಹಿಂದೆ ಕಾರ್ಖಾನೆ ಬಂತು. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನನ್ನ ಗಿರಣಿಯ ಬೆಲ್ಟಿನಿಂದ ಹಿಡಿದು ಬಲ್ಬಿನವರೆಗೆ ತಪಾಸಣೆಯಾಗುತ್ತದೆ. ಅದಿರನ್ನು ಕಲ್ಲಿದ್ದಲಿನ ಜೊತೆ ಕಾಯಿಸಿ ಕಬ್ಬಿಣ ತೆಗೆಯುವ ದೊಡ್ಡ ಭಟ್ಟಿ ಅದು. ಹಗಲು ತಕ್ಕಮಟ್ಟಿಗೆ ಸುಮ್ಮನಿರುತ್ತದೆ. ಕತ್ತಲಾದ ಮೇಲೆ ಧೂಳು ಹಿಡಿಯುವ ಯಂತ್ರ ನಿಲ್ಲಿಸುತ್ತಾರೆ, ಕರೆಂಟು ಉಳಿಯುತ್ತದಲ್ಲ. ಬೆಳಿಗ್ಗೆ ಎದ್ದರೆ ತುಳಸಿಕಟ್ಟೆ, ಸೈಕಲ್ ಸೀಟು, ಒಣಗಲು ಬಿಟ್ಟ ಲಂಗೋಟಿ ಎಲ್ಲದರ ಮೇಲೂ ಕಪ್ಪು. ಬೇರೆಯವರು ಕೊಡವಿ ಸುಮ್ಮನಾಗಬಹುದು. ಹಸಿ ಶಾವಿಗೆಯ ಮೇಲೆ ಕೂತ ಧೂಳನ್ನು ಕೊಡವುವುದು ಹೇಗೆ? ಅದು ಎಳೆಯ ಜೊತೆಗೇ ಒಣಗುತ್ತದೆ.

ಚಾಚಿ ಸುಮ್ಮನೆ ಕೂರುವ ಪೈಕಿ ಅಲ್ಲ. ಮಸ್ಲಿನ್ ಬಟ್ಟೆ ಹೊದಿಸಿ ನೋಡಿದಳು, ಶಾವಿಗೆಗೆ ಬೂಷ್ಟು ಹಿಡಿಯಿತು. ಒಳಗೆ ಫ್ಯಾನ್ ಹಾಕಿ ಒಣಗಿಸಿದಳು, ಹುಳಿ ವಾಸನೆ ಹೊಡೆಯಿತು. ಕಡೆಗೆ ಒಳ್ಳೆಯ ಗಿರಾಕಿಗಳಿಗೆ ಬೇಕಾದಷ್ಟನ್ನು ಮಾತ್ರ ಯಲಬುರ್ಗಾದ ತಂಗಿ ಮೆಹರಾಜಳ ಮನೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿನ ಮಾಳಿಗೆಯ ಮೇಲೆ ಒಣಗಿಸಿ ತರತೊಡಗಿದಳು. ಇಲ್ಲಿಯ ಮಾಳಿಗೆಯದು ಬೂದು ಬಣ್ಣದ್ದು. ಅದನ್ನು ಮಾರಲು ಆಕೆಗೆ ಮನಸ್ಸು ಬರುತ್ತಿರಲಿಲ್ಲ. "ಇದನ್ನ ಕೊಟ್ಟು ಅವರ ಮಕ್ಕಳಿಗೆ ಇದ್ದಿಲು ತಿನಸ್ಲೇನು?" ಎಂದು ತಿಪ್ಪೆಗೆ ಹಾಕುತ್ತಿದ್ದಳು.

ಕಾನೂನು ಇಲ್ಲವೆಂದಲ್ಲ. ಗಾಳಿ ಕೆಡಿಸಬಾರದೆಂಬ ಕಾಯಿದೆ ಬಂದದ್ದು ಎಂಬತ್ತೊಂದರಲ್ಲಿ, ನನಗಿಂತ ಒಂದು ವರ್ಷ ದೊಡ್ಡದು. ಪ್ಯಾರಿಸ್ಸಿನಲ್ಲಿ ಜಗತ್ತಿನ ದೇಶಗಳೆಲ್ಲ ಒಂದಾಗಿ ಕೂತು, ಭೂಮಿ ಬಿಸಿಯೇರದಂತೆ ನೋಡಿಕೊಳ್ಳುತ್ತೇವೆಂದು ಒಪ್ಪಿಕೊಂಡದ್ದನ್ನು ಟಿವಿಯಲ್ಲಿ ನಾನೇ ನೋಡಿದ್ದೇನೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಗಿಣಿಗೇರಾಕ್ಕೆ ಕೇಳಿಸಿತು, ಗಾಳಿ ಬರಲಿಲ್ಲ.

ಹೀಗಿರುವಾಗ ಕಾರ್ಖಾನೆಯವರು ಎರಡನೇ ಭಟ್ಟಿ ಹಾಕುತ್ತಾರೆಂಬ ಸುದ್ದಿ ಹಬ್ಬಿತು. ಅಸ್ಲಮ ಅಷ್ಟರಲ್ಲಿ ಅದೇ ಕಾರ್ಖಾನೆಯಲ್ಲಿ ಕಂತ್ರಾಟಿನ ಮೇಲೆ ಕಲ್ಲಿದ್ದಲು ಇಳಿಸುವ ಕೆಲಸಕ್ಕೆ ಸೇರಿದ್ದ. ಹೊಸ ಭಟ್ಟಿ ಹಳೆಯದಕ್ಕಿಂತ ದೊಡ್ಡದು, ನಮ್ಮ ಓಣಿಯ ಕಡೆಗೇ ಬರುತ್ತದೆ ಎಂದು ಅವನೇ ಹೇಳಿದ. ಅಂದು ಚಾಚಿ ಗಿರಣಿಗೆ ಬಂದು ಗೋಧಿ ಇಳಿಸಿ ಚೀಲದ ಮೇಲೇ ಕೂತಳು. ಒಂದು ಭಟ್ಟಿಗೇ ಈ ಗತಿ, ಎರಡಾದರೆ ಗಳ ಬಿಚ್ಚುವುದೇ ಎಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗ ಬಂದವಳು ಸಬೀನಾ. ಗಂಗಾವತಿಯ ಹುಡುಗಿ, ಕೊಪ್ಪಳದ ಕೋರ್ಟಿನಲ್ಲಿ ವಕೀಲಿ. ಚಾಚಿಯ ಶಾವಿಗೆ ತಿಂದು ಬೆಳೆದ ಮನೆಯವಳು. "ಖಾಲಾ, ಆ ಭಟ್ಟಿಗೆ ದುಡ್ಡು ಕೊಡೋದು ಯುರೋಪಿನ ಒಂದು ಬ್ಯಾಂಕು," ಎಂದಳು. "ಗಾಳಿ-ನೀರು ಕೆಡಿಸೋ ಕಾರ್ಖಾನಿಗೆ ಸಾಲ ಕೊಡಬಾರ್ದಂತ ಅವರ ದೇಶದಾಗ ಕಟ್ಟಳಿ ಐತಿ. ನೊಂದವರು ದೂರು ಕೊಟ್ರ ಅವರು ಬಂದು ಕಣ್ಣಾರೆ ನೋಡಬೇಕು. ಇಲ್ಲಿ ಮಾಲಿನ್ಯ ಮಂಡಳಿಯವರಿಗೆ ಕೊಟ್ಟ ಅರ್ಜಿಯೆಲ್ಲಾ ಮೂಲಿಗೆ ಬಿದ್ದೈತಿ. ಇದೊಂದ ದಾರಿ ಉಳದೈತಿ ನೋಡ್ರಿ."

ಚಾಚಿಯ ಹೆಸರಲ್ಲೇ ದೂರು ಹೋಯಿತು. ಅಸ್ಲಮನಿಗೆ ಅದು ಸರಿಬರಲಿಲ್ಲ. "ಉಂಡ ಮನಿಗೆ ಎರಡು ಬಗೀಬಾರ್ದು ಅಮ್ಮಾ," ಎಂದ. ಚಾಚಿ, "ಉಂಡದ್ದು ನೀನಪಾ, ಧೂಳು ತಿಂದಾಕಿ ನಾನು," ಎಂದಳು. ತಾಯಿ ಮಗ ಒಂದೆರಡು ದಿನ ಮಾತು ಬಿಟ್ಟು ಮತ್ತೆ ಆಡಿದರು. ಮಳೆಗಾಲ ಕಳೆದು, ಚಳಿ ಕಳೆದು, ನಾವು ಮರೆತೇ ಬಿಟ್ಟಿದ್ದಾಗ, ಬ್ಯಾಂಕಿನವರು ಬರುತ್ತಾರೆ ಎಂದು ಸಬೀನಾ ಫೋನು ಮಾಡಿದಳು. ನನ್ನ ಜೀವಮಾನದಲ್ಲಿ ಸರಕಾರದ ಆಚೆಯಿಂದ ನಮ್ಮ ಓಣಿಯನ್ನು ನೋಡಲು ಬಂದವರು ಅವರೇ ಮೊದಲು. ಸುಳ್ಳು ಯಾಕೆ, ನನಗೂ ಆಸೆ ಹುಟ್ಟಿತು.

ಅವರು ಬರುವ ಹಿಂದಿನ ದಿನ ಗಿರಣಿಯ ಬೇರಿಂಗ್ ಹೋಗಿತ್ತೆಂದು ನಾನು ಹೊಸಪೇಟೆಗೆ ಹೋಗಿದ್ದೆ. ಸಂಜೆ ಬಸ್ಸಿಳಿದು ಓಣಿಗೆ ಬಂದರೆ ತಪ್ಪಿ ಬೇರೆ ಊರಿಗೆ ಬಂದೆನೇನೋ ಅನ್ನಿಸಿತು. ಗೋಡೆಗಳು ಬೆಳ್ಳಗೆ, ಕಟ್ಟೆಗಳು ಸ್ವಚ್ಛ, ಅಂಗಳದಲ್ಲಿ ಹಸಿ ಹಸಿ ರಂಗೋಲಿ. ನಮ್ಮ ಬೇವಿನ ಗಿಡದ ಎಲೆ ಹಸಿರು ಎಂಬುದು ನನಗೆ ಮರೆತುಹೋಗಿತ್ತು. ನನ್ನ ಹೆಂಡತಿ ಶಿವಲೀಲಾ ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿ ಮಾಳಿಗೆ ತಿಕ್ಕುತ್ತಿದ್ದಳು.

ಆದದ್ದು ಇಷ್ಟು. ಆ ಮಧ್ಯಾಹ್ನ ಕಾರ್ಖಾನೆಯ ಟ್ಯಾಂಕರುಗಳು ಬಂದಿದ್ದವು, ಸಮಾಜ ಸೇವೆ ಎಂದು ಬ್ಯಾನರ್ ಕಟ್ಟಿಕೊಂಡು. ತುಂಗಭದ್ರೆ ಮೂಗಿನ ಕೆಳಗೇ ಇದ್ದರೂ ನಮ್ಮ ನಲ್ಲಿಗೆ ನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ಅಂಥ ಓಣಿಗೆ ಬೇಕಾದಷ್ಟು ನೀರು ಬಿಟ್ಟರು. ತೊಳೆಯಿರಿ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯ ಏನಿದೆ? ನಾಳೆ ಮನೆಗೆ ದೂರದ ಮಂದಿ ಬರುವವರಿದ್ದಾರೆ, ಬಾಗಿಲಲ್ಲಿ ನೀರಿದೆ. ನಮ್ಮ ಹೆಂಗಸರು ಕೈಕಟ್ಟಿ ಕೂರುತ್ತಾರೆಯೇ? ಆ ಟ್ಯಾಂಕರು ಕಳಿಸಿದವನು ಯಾರೇ ಇರಲಿ, ನಮ್ಮ ಕಡೆಯ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವನು. ಅವನಿಗೆ ಒಳ್ಳೆಯದಾಗದಿರಲಿ.

"ಏನ ಮಾಡೀರಿ ಇದು!" ಎಂದು ನಾನು ಕೂಗಿದೆ.

"ಹೊರದೇಶದ ಮಂದಿ ನಮ್ಮ ಅಂಗಳ ನೋಡಿ ಏನಂದಾರು?" ಎಂದಳು ಶಿವಲೀಲಾ ಮಾಳಿಗೆಯಿಂದಲೇ. "ನಿಮಗಂತೂ ನಾಚ್ಕಿ ಇಲ್ಲ, ನಮಗೂ ಇರಬಾರ್ದೇನು?"

ಎದುರು ಮನೆಗೆ ಓಡಿದೆ. ಚಾಚಿ ತನ್ನ ಮಾಳಿಗೆಯನ್ನು ತೊಳೆದು, ಗಳಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸುತ್ತಿದ್ದಳು. "ಚಾಚಿ, ಅವರು ಕಪ್ಪು ನೋಡಾಕನ ಬರಾಕತ್ತಾರ. ಕಪ್ಪೇ ತೊಳದ್ರ ಏನ ನೋಡ್ತಾರ?" ಎಂದೆ.

ಆಕೆ ನನ್ನನ್ನು ಕನಿಕರದಿಂದ ನೋಡಿದಳು. "ಹೊಲಸು ಮನಿಯಾಗ ಅವರನ್ನ ಕುಂದ್ರಸ್ಲೇನು? ಒಂದು ರಾತ್ರಿ ಐತೆಲ್ಲಪಾ ನಡುವ. ಮುಂಜಾನಿ ಅನ್ನೋದ್ರಾಗ ಮತ್ತ ಬೀಳತೈತಿ. ಹೊಸದಾಗಿ ಬಿದ್ದದ್ದನ್ನ ತೋರಸಿದ್ರ ಇನ್ನೂ ಛಲೋ ಅಲ್ಲೇನು?"

ಅದೂ ನಿಜವೆನ್ನಿಸಿತು. ಆದರೆ ಆ ರಾತ್ರಿ ಭಟ್ಟಿ ಉರಿಯಲಿಲ್ಲ. ಬೆಳಿಗ್ಗೆ ಎದ್ದು ಕಟ್ಟೆಯ ಮೇಲೆ ಬೆರಳಾಡಿಸಿದರೆ ಬೆರಳು ಸ್ವಚ್ಛವಾಗಿತ್ತು. ರಿಪೇರಿ ಎಂದು ಬಂದ್ ಮಾಡಿದ್ದಾರೆ ಎಂದು ಅಸ್ಲಮ ಪಾಳಿ ಮುಗಿಸಿ ಬಂದು ಹೇಳಿದ. ಹೇಳಿ, ತಾಯಿಯ ಮುಖ ನೋಡಲಾರದೆ ಒಳಗೆ ಹೋಗಿ ಮಲಗಿದ.

ಅದು ಸಾಲದೆಂದು ಚಾಚಿ ಇನ್ನೊಂದು ಮಾಡಿದಳು. ಯಲಬುರ್ಗಾದಲ್ಲಿ ಒಣಗಿಸಿ ತಂದ ಹಾಲಿನಂಥ ಶಾವಿಗೆಯನ್ನು ಡಬ್ಬಿಯಿಂದ ತೆಗೆದು ಗಳಗಳ ಮೇಲೆ ಹರವಿದಳು. ನಾನು ತಲೆ ಚಚ್ಚಿಕೊಂಡೆ. "ಬೂದಿ ಬಣ್ಣದ್ದು ಹಾಕು ಚಾಚಿ, ನಿನ್ನ ಕಾಲು ಹಿಡಕೊಂತೀನಿ."

"ನನ್ನ ಕೆಲಸ ನೋಡಾಕ ಸಮುದ್ರ ದಾಟಿ ಬರ್ತಾರ," ಎಂದಳು. "ಕೆಟ್ಟದ್ದು ತೋರಸ್ಲೇನು? ಮೊದಲು ಛಲೋದು ನೋಡ್ಲಿ. ಇಂಥಾದ್ದು ಮಾಡೋ ಕೈ ಇದು ಅಂತ ಗೊತ್ತಾಗ್ಲಿ. ಉಂಡ ಮ್ಯಾಲೆ ಕುಂದ್ರಿಸಿ, ಹ್ಯಾಂಗ ಹಾಳಾಗೈತಿ ಅಂತ ಎಲ್ಲಾ ಹೇಳ್ತೀನಿ. ತಿಪ್ಪಿಗೆ ಹಾಕೋದನ್ನ ಬುಟ್ಟಿಯಾಗ ಇಟ್ಟೀನಿ, ಅದನ್ನೂ ತೋರಸ್ತೀನಿ."

ಯೋಜನೆ ತಪ್ಪಲ್ಲ. ನಮ್ಮೂರಿನ ಯಾರೇ ಬಂದಿದ್ದರೂ ಹಾಗೇ ನಡೆಯುತ್ತಿತ್ತು.

ಮೂವರು ಬಂದರು. ಎತ್ತರದ ಒಬ್ಬ ಗಂಡಸು, ಬಿಸಿಲಿಗೆ ಮುಖ ಕೆಂಪಾದ ಒಬ್ಬ ಹೆಣ್ಣುಮಗಳು, ಬೆಂಗಳೂರಿನಿಂದ ಬಂದ ಒಬ್ಬ ದುಭಾಷಿ. ದೂರು ಕೊಟ್ಟವರ ಮೇಲೆ ಯಾರ ಒತ್ತಡವೂ ಇರಬಾರದೆಂದು ವಕೀಲರನ್ನೂ ಕಾರ್ಖಾನೆಯವರನ್ನೂ ಹೊರಗಿಟ್ಟಿದ್ದರು. ಹಾಗಾಗಿ ಸಬೀನಾ ಓಣಿಯ ತುದಿಯಲ್ಲಿ ಕಾರಿನಲ್ಲೇ ಉಳಿದಳು. ಕುರ್ಚಿಗಳು ನಮ್ಮ ಗಿರಣಿಯವು. ಅವನ್ನು ಮಾಳಿಗೆಗೆ ಹೊತ್ತು ತಂದ ನೆಪದಲ್ಲಿ ನಾನು ಅಲ್ಲೇ ಮೂಲೆಯಲ್ಲಿ ನಿಂತೆ.

ಆ ಹೆಣ್ಣುಮಗಳು ಒಳ್ಳೆಯವಳೇ ಇರಬೇಕು. ಶಾವಿಗೆಯ ನಡುವೆ ಸುಳಿದಾಡಿ ಫೋಟೋ ತೆಗೆದಳು, ಚಾಚಿಯನ್ನು ನೋಡಿ ನಕ್ಕಳು, ಏನೋ ಕೇಳಿದಳು. ದುಭಾಷಿ ಪುಸ್ತಕದ ಕನ್ನಡದಲ್ಲಿ ಹೇಳಿದ: "ನೀವು ಹೇಗಿದ್ದೀರಿ ಎಂದು ಕೇಳುತ್ತಿದ್ದಾರೆ. ನಿಮಗೆ ಏನಾದರೂ ತೊಂದರೆ ಇದೆಯೇ?"

ಚಾಚಿ ಸೆರಗು ತಲೆಯ ಮೇಲೆ ಸರಿಪಡಿಸಿಕೊಂಡು, ಎರಡೂ ಕೈ ಜೋಡಿಸಿ ಹೇಳಿದಳು. "ಆರಾಮ ಅದೀವ್ರಿ. ದೇವರು ಛಲೋ ಇಟ್ಟಾನ್ರಿ. ನೀವು ಆರಾಮ ಬಂದ್ರೇನ್ರಿ ಅಷ್ಟು ದೂರದಿಂದ?"

ದುಭಾಷಿ ಅದನ್ನು ಹೇಳಿದ. ಗಂಡಸು ಬರೆದುಕೊಂಡ.

ಚಾಚಿ ಕೆಳಗೆ ಹೋಗಿ ಖೀರು ತಂದಳು. ಆ ಗಂಡಸು ಕೈ ಅಡ್ಡ ಹಿಡಿದ. ದೂರುದಾರರ ಮನೆಯಲ್ಲಿ ಏನನ್ನೂ ತಿನ್ನಬಾರದು, ಅದು ಅವರ ನಿಯಮವಂತೆ. ಹೆಣ್ಣುಮಗಳು ಮಾತ್ರ ಮನಸ್ಸು ತಡೆಯದೆ ಒಂದು ಚಮಚ ಬಾಯಿಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಷ್ಟರಲ್ಲಿ ಗಂಡಸು ಗಡಿಯಾರ ನೋಡಿದ. ಮುನಿರಾಬಾದಿನಲ್ಲಿ ನೀರಿನ ಕಚೇರಿಯವರು ಕಾಯುತ್ತಿದ್ದರು, ಅದು ಮುಗಿಸಿ ವಿಮಾನ ಹಿಡಿಯಬೇಕಿತ್ತು.

"ಕುಂದರ್ರಿ, ಉಂಡು ಹೋಗ್ರಿ," ಎಂದು ಚಾಚಿ ಮೆಟ್ಟಿಲಿಗೆ ಅಡ್ಡ ನಿಂತಳು. "ಆಮ್ಯಾಲೆ ಭಾಳ ಹೇಳೋದೈತ್ರಿ ನಂದು."

"ಊಟಕ್ಕೆ ಕರೆಯುತ್ತಿದ್ದಾರೆ," ಎಂದಷ್ಟೇ ಹೇಳಿದ ದುಭಾಷಿ ಅವರಿಗೆ. ಆ ಇಂಗ್ಲಿಷು ನನಗೆ ಅರ್ಥವಾಯಿತು. ತಡೆಯಲಾರದೆ ನಾನು ಬಾಯಿ ಹಾಕಿದೆ. "ಸರ, ನಿನ್ನೆ ಎಲ್ಲಾ ತೊಳದಾರ್ರಿ. ಭಟ್ಟಿ ಬಂದ್ ಮಾಡ್ಯಾರ. ಇದು ಇಲ್ಲಿ ಒಣಗಿದ ಶಾವಿಗಿನೇ ಅಲ್ರಿ."

"ನೀವು ದೂರುದಾರರೇ?" ಎಂದ ದುಭಾಷಿ.

"ಅಲ್ರಿ. ಎದುರಿನ ಗಿರಣಿಯವ."

ದುಭಾಷಿ ಕೆಳಗೆ ಬಗ್ಗಿ ನಮ್ಮ ಗಿರಣಿಯ ಬಾಗಿಲು ನೋಡಿದ. ಅಲ್ಲಿ ಮೆಟ್ಟಿಲಿನಿಂದ ಚೌಕಟ್ಟಿನವರೆಗೆ ಹಿಟ್ಟು ಮೆತ್ತಿಕೊಂಡಿತ್ತು. ಓಣಿಯಲ್ಲಿ ಶಿವಲೀಲಾ ತೊಳೆಯದೆ ಬಿಟ್ಟ ಜಾಗ ಅದೊಂದೇ. ಅವನು ಆ ಗಂಡಸಿನ ಕಿವಿಯಲ್ಲಿ ಏನೋ ಹೇಳಿದ. ಗಂಡಸು ಅದನ್ನೂ ಬರೆದುಕೊಂಡ. ಹಾದುಹೋಗುವಾಗ ಚಾಚಿಯ ಬೂದು ಶಾವಿಗೆಯ ಬುಟ್ಟಿಗೆ ಅವನ ಕಾಲು ತಾಗಿತು. ಅದರ ಮೇಲೆ ಚಾಚಿ, ಧೂಳು ಬೀಳದಿರಲೆಂದು, ಮಡಿ ಬಟ್ಟೆ ಮುಚ್ಚಿದ್ದಳು.

ವರದಿ ಬಂದದ್ದು ಮಳೆಗಾಲದಲ್ಲಿ. ಸಬೀನಾ ಗಿರಣಿಯಲ್ಲೇ ಕೂತು ಫೋನಿನಲ್ಲಿ ಓದುತ್ತ, ಕನ್ನಡದಲ್ಲಿ ಹೇಳುತ್ತ ಹೋದಳು. ಮಾಳಿಗೆಯ ಮೇಲೆ ಕಣ್ಣಿಗೆ ಕಾಣುವ ಧೂಳಿಲ್ಲ. ದೂರುದಾರರು ತಾವು ಆರಾಮವಾಗಿರುವುದಾಗಿ ತಾವೇ ತಿಳಿಸಿದ್ದಾರೆ. ಅವರ ಉದ್ಯೋಗ ಸೊಗಸಾಗಿ ನಡೆದಿದೆ. ಪಕ್ಕದಲ್ಲೊಂದು ಹಿಟ್ಟಿನ ಗಿರಣಿ ಇದ್ದು, ಅದರ ಧೂಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾರ್ಖಾನೆಯವರು ಓಣಿಯಲ್ಲಿ ಸಸಿ ನೆಡಬೇಕೆಂಬ ಷರತ್ತಿನ ಮೇಲೆ ಸಾಲ ಮಂಜೂರು. ಜೊತೆಗೆ ಫೋಟೋ: ಬೆಳ್ಳನೆ ಶಾವಿಗೆ, ನಡುವೆ ನಗುವ ಚಾಚಿ.

ಗಿರಣಿಯ ವಿಷಯ ಕೇಳಿ ನನಗೆ ನಗು ಬಂತು. ಹಾಳು ನಗು, ನಿಲ್ಲಿಸಲು ಹೊತ್ತು ಹಿಡಿಯಿತು.

ಚಾಚಿ ಮಾತ್ರ ಸಬೀನಾಳ ಕಡೆ ತಿರುಗಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. "ಅವರ ದೇಶದಾಗ ಎರಡನೇ ಸಲ ಕೇಳೋದಿಲ್ಲೇನವಾ?"

ಆ ಹುಡುಗಿ ಕೋರ್ಟಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದವಳು. ನನ್ನ ಗೋಧಿ ಚೀಲಕ್ಕೆ ಆನಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ ಮತ್ತೆ ಬರೆದು ಕಳಿಸಿದಳು. ಒಂದು ದೂರಿಗೆ ಒಂದೇ ತಪಾಸಣೆ ಎಂದು ಉತ್ತರ ಬಂತು.

ಎರಡನೇ ಭಟ್ಟಿ ಈಗ ಉರಿಯುತ್ತಿದೆ. ಷರತ್ತಿನ ಪ್ರಕಾರ ಓಣಿಯಲ್ಲಿ ಹೊಂಗೆ ಸಸಿ ನೆಟ್ಟಿದ್ದಾರೆ, ಪ್ರತಿಯೊಂದಕ್ಕೂ ಕಾರ್ಖಾನೆಯ ಹೆಸರಿನ ಫಲಕ. ಎಲೆಗಳು ಕಪ್ಪಗಾಗಿವೆ. ಯಾರಾದರೂ ದೊಡ್ಡವರು ಬರುವ ದಿನ ಟ್ಯಾಂಕರು ಬಂದು ಎಲೆ ತೊಳೆದು ಹೋಗುತ್ತದೆ. ಆ ನೀರನ್ನು ಈಗ ಓಣಿಯ ಹೆಂಗಸರು ಯಾರೂ ಹಿಡಿಯುವುದಿಲ್ಲ, ಶಿವಲೀಲಾ ಸಹ. ಯಾವುದನ್ನೂ ಬದಲಿಸದ ಈ ಸಿಟ್ಟು ಯಾರಿಗೆ ಬೇಕು ಎಂದು ನನಗೇ ಒಮ್ಮೊಮ್ಮೆ ಅನ್ನಿಸುತ್ತದೆ.

ತಂಗಿ ಮೆಹರಾಜ ತನ್ನ ಮಗಳ ಮನೆಗೆ ಹೋಗಿ ನೆಲೆಸಿದ ಮೇಲೆ ಯಲಬುರ್ಗಾದ ಮಾಳಿಗೆಯೂ ತಪ್ಪಿತು. ಹೋದ ಬೇಸಿಗೆಯಲ್ಲಿ ಚಾಚಿ ಇಲ್ಲೇ ಒಂದು ಸಲ ಶಾವಿಗೆ ಹರವಿದಳು. ಸಂಜೆ ಅದು ಹಳೆಯ ಜನಿವಾರದ ಬಣ್ಣಕ್ಕೆ ತಿರುಗಿತ್ತು. ಒಂದೊಂದೇ ಗಳ ಬಿಚ್ಚಿ ಕೆಳಗೆ ಇಳಿಸಿದಳು. ಯಂತ್ರಕ್ಕೆ ಎಣ್ಣೆ ಹಚ್ಚಿ, ಹಳೆಯ ಸೀರೆ ಸುತ್ತಿ, ನಮ್ಮ ಗಿರಣಿಯ ಮೂಲೆಯಲ್ಲಿ ತಂದಿಟ್ಟಳು. "ಮನ್ಯಾಗ ಕಣ್ಣಿಗೆ ಬೀಳತೈತಿ," ಎಂದಳು. ಈ ರಂಜಾನಿಗೆ ಅಸ್ಲಮ ಅಂಗಡಿಯಿಂದ ಪಾಕೀಟಿನ ಶಾವಿಗೆ ತಂದ. ಹಬ್ಬದ ದಿನ ನಮಗೂ ಒಂದು ಬಟ್ಟಲು ಖೀರು ಬಂತು. ತಿಂದೆವು, ಬಟ್ಟಲು ತೊಳೆದು ಕಳಿಸಿದೆವು.

ಈಗ ಆಕೆ ಗಿರಣಿಗೆ ಬರುವುದು ರೊಟ್ಟಿಯ ಜೋಳ ತೆಗೆದುಕೊಂಡು ಮಾತ್ರ. ಮೊನ್ನೆ ಬಂದಳು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡುತ್ತಿದ್ದಳು.

"ಆರಾಮ ಅದಿಯೇನು ಚಾಚಿ?" ಎಂದೆ.

"ಆರಾಮ ಅದೀನಿ ನೋಡಪಾ."

ಸ್ಟೂಲು ಹಾಕಿದೆ, ಕೂತಳು. ನೀರು ಕೊಟ್ಟೆ, ಕುಡಿದಳು. ಶಿವಲೀಲಾ ಚಹಾ ತಂದಿಟ್ಟಳು. ಲೋಟ ಖಾಲಿಯಾಗುವವರೆಗೆ ಕಾದು, ರಿವಾಜಿನ ಪ್ರಕಾರ ನಾನು ಎರಡನೇ ಸಲ ಕೇಳಲು ಬಾಯಿ ತೆರೆದೆ. ಚಾಚಿ ಕೈ ಎತ್ತಿ ತಡೆದಳು.

"ಬ್ಯಾಡ ಪ್ರಭು," ಎಂದಳು. "ಒಂದು ಸಲ ಕೇಳಿದಿ, ಸಾಕು. ಎರಡನೇ ಸಲ ಕೇಳಬ್ಯಾಡ."

ಆಕೆಯ ಕಣ್ಣು ಮೂಲೆಯ ಯಂತ್ರದ ಕಡೆ ಹೋಗಲಿಲ್ಲ. ನಾನು ಎದ್ದು ಗಿರಣಿ ಹಚ್ಚಿ ಆಕೆಯ ಜೋಳ ಸುರಿದೆ.